ತಿದ್ದಿ ಹೇಳಿದ ಮಾತು

ನಾನು ಬಾಯಿಬಡಕಿ. ಇದನ್ನು ನಾನೇ ಹೇಳಿಕೊಂಡುಬಿಡುವುದು ವಾಸಿ, ಇಲ್ಲದಿದ್ದರೆ ನಮ್ಮ ಅತ್ತೆ ಮನೆಯವರು ಹೇಳುತ್ತಾರೆ. ಹುಟ್ಟಿ ಬೆಳೆದದ್ದು ರಾಮನಗರದಲ್ಲಿ, ರೇಷ್ಮೆ ಗೂಡಿನ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಆಚೀಚೆ ಎಲ್ಲ ನೂಲು ತೆಗೆಯುವ ಮುಸ್ಲಿಮರ ಮನೆಗಳು. ಅವರ ಮಕ್ಕಳ ಜೊತೆ ಕುಂಟೆಬಿಲ್ಲೆ ಆಡುತ್ತಾ, ಜುಟ್ಟು ಹಿಡಿದು ಜಗಳ ಕಾಯುತ್ತಾ ಉರ್ದು ಕಲಿತೆ. ಜಗಳದಲ್ಲಿ ಕಲಿತ ಭಾಷೆ ಸುಲಭಕ್ಕೆ ಮರೆಯುವುದಿಲ್ಲ. ಮದುವೆಯಾಗಿ ಸಾತನೂರಿನ ಕಡೆ ಬಂದ ಮೇಲೆ, ಹಸು, ಹಿಪ್ಪುನೇರಳೆ, ರಾಗಿ ಹೊಲದ ನಡುವೆ ಆ ಭಾಷೆ ಯಾತಕ್ಕೂ ಬೇಕಾಗಲಿಲ್ಲ. ಗಂಡ ಹೋದ ಮೇಲೆ ಅದೇ ನನಗೆ ಅನ್ನ ಹಾಕಿತು.

ನಮ್ಮೂರಿನಿಂದ ಎರಡು ಮೈಲಿ ದೂರದಲ್ಲಿ ಕ್ರೈಸ್ತ ಸನ್ಯಾಸಿನಿಯರು ನಡೆಸುವ ಒಂದು ಪುಟ್ಟ ಆಸ್ಪತ್ರೆ ಇದೆ. ಜನ ಅದನ್ನು ಸಿಸ್ಟರ್ ಆಸ್ಪತ್ರೆ ಅನ್ನುತ್ತಾರೆ. ನಾನು ಅಲ್ಲಿ ಆಯಾ ಕೆಲಸಕ್ಕೆ ಸೇರಿದೆ. ನೆಲ ಒರೆಸುವುದು, ಬಟ್ಟೆ ಕುದಿಸುವುದು, ಬಂದವರನ್ನು ಸಾಲಾಗಿ ಕೂರಿಸುವುದು. ಆರು ತಿಂಗಳು ಕಳೆದಿರಬಹುದು, ಜಾರ್ಖಂಡಿನ ಕಾಡಿನ ಸೀಮೆಯಿಂದ ಒಬ್ಬ ಹೊಸ ಸಿಸ್ಟರ್ ಬಂದರು. ನಲವತ್ತರ ಆಸುಪಾಸು, ಕುಳ್ಳಗೆ, ಕಪ್ಪಗೆ, ನಡೆಯತೊಡಗಿದರೆ ಹಿಂದೆ ನಾವು ಓಡಬೇಕು. ದೊಡ್ಡಾಸ್ಪತ್ರೆಯವರು ಇನ್ನೇನೂ ಮಾಡಲಾಗದೆಂದು ಮನೆಗೆ ಕಳಿಸಿದ ರೋಗಿಗಳನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವುದು ಅವರ ಕೆಲಸ. ಗಾಯ ತೊಳೆಯುತ್ತಿದ್ದರು, ನೋವಿನ ಮಾತ್ರೆ ಕೊಡುತ್ತಿದ್ದರು, ಕೈ ಹಿಡಿದುಕೊಂಡು ಕೂರುತ್ತಿದ್ದರು. ಆದರೆ ಅವರಿಗೆ ಬರುತ್ತಿದ್ದ ಕನ್ನಡ ‘ಊಟ ಆಯ್ತಾ’, ‘ನೋವು ಇದೆಯಾ’, ಇಷ್ಟೇ. ಹಿಂದಿ ಬರುತ್ತಿತ್ತು. ನನ್ನ ಉರ್ದು, ಅವರ ಹಿಂದಿ ಹೇಗೋ ಹೊಂದಿಕೊಂಡವು. ನಾನು ಬೇಡ ಅನ್ನಲು ‘ನಕ್ಕೋ ನಕ್ಕೋ’ ಅಂದಾಗಲೆಲ್ಲ ಅವರಿಗೆ ತಡೆಯಲಾರದ ನಗು. ನಗಲಿ ಬಿಡಿ, ಅವರಿಗೂ ಹಿಂದಿ ಹುಟ್ಟಿದ ಭಾಷೆಯಲ್ಲ. ಮನೆಯಲ್ಲಿ ಅವರದು ಬೇರೆಯೇ ಮಾತು, ಅದನ್ನು ಆಡುವವರು ಈ ಕಡೆ ಒಬ್ಬರೂ ಇರಲಿಲ್ಲ.

ಹಾಗೆ ನಾನು ಅವರ ಬಾಯಿಯಾದೆ. ಸರ್ಕಾರಿ ಬಸ್ಸಿನಲ್ಲಿ ಇಬ್ಬರೂ ಹೊರಡುತ್ತಿದ್ದೆವು. ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಅವರ ಆಧಾರ್ ಕಾರ್ಡಿನಲ್ಲಿ ಊರು ಜಾರ್ಖಂಡ್ ಎಂದಿತ್ತಲ್ಲ, ಕಂಡಕ್ಟರು ಅವರಿಗೆ ಮಾತ್ರ ಟಿಕೆಟ್ ಹರಿಯುತ್ತಿದ್ದ. ‘ನಮ್ ಜನದ ಕೀವು ತೊಳೆಯೋಕೆ ಬಂದಿರೋರು ಕಣಯ್ಯಾ ಇವ್ರು, ನಿಂಗೇನ್ ಬಂತು ರೋಗ’ ಎಂದು ನಾನು ಇಡೀ ಬಸ್ಸು ತಿರುಗಿ ನೋಡುವಂತೆ ಕೂಗಾಡಿದ್ದೇನೆ. ಸಿಸ್ಟರ್ ನನ್ನ ಸೆರಗು ಜಗ್ಗಿ ಕೂರಿಸುತ್ತಿದ್ದರು. ಯಾರ ಮನೆಯಲ್ಲಾದರೂ ಮುದ್ದೆ ಇಕ್ಕಿದರೆ ಕಚಕಚ ಅಗಿದು ತಿನ್ನುತ್ತಿದ್ದರು. ಮುದ್ದೆ ನುಂಗಬೇಕು ಕಣಮ್ಮಾ, ಅಗಿಯಬಾರದು ಎಂದು ಎಷ್ಟು ಹೇಳಿದರೂ ಆಗಲಿಲ್ಲ. ಆ ಮನೆಯ ಹೆಂಗಸರು ಸೆರಗು ಅಡ್ಡ ಹಿಡಿದು ನಗುತ್ತಿದ್ದರು, ಆಮೇಲೆ ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕುತ್ತಿದ್ದರು.

ನಾನು ಹೇಳಬೇಕೆಂದು ಕೂತದ್ದು ಉಯ್ಯಂಬಳ್ಳಿಯ ಆಚೆಗಿನ ಒಂದು ಹಳ್ಳಿಯ ಅಕ್ಕನ ವಿಚಾರ. ಅರವತ್ತರ ಒಳಗಿನ ಹೆಂಗಸು, ಗಂಡ ಇರಲಿಲ್ಲ. ಹೊಗೆಸೊಪ್ಪು ಹಾಕಿ ಹಾಕಿ ಕೆನ್ನೆಯೊಳಗೆ ಹುಣ್ಣಾಗಿ, ಅದು ಕ್ಯಾನ್ಸರಾಗಿ ಹೊರಕ್ಕೂ ಒಡೆದುಕೊಂಡಿತ್ತು. ಬೆಂಗಳೂರಿನಲ್ಲಿ ಮಗನನ್ನು ಪಕ್ಕಕ್ಕೆ ಕರೆದು ‘ಮನೇಲಿ ಚೆನ್ನಾಗಿ ನೋಡ್ಕಳಿ’ ಎಂದಷ್ಟೇ ಹೇಳಿ ಕಳಿಸಿದ್ದರು. ಮಗ, ಸೊಸೆ ಅದನ್ನು ಅಕ್ಕನಿಗೆ ತಿಳಿಸಿರಲಿಲ್ಲ. ನಡುಮನೆಯಲ್ಲಿ ರೇಷ್ಮೆ ಹುಳ ಮೇಯುತ್ತಿದ್ದವು. ಹುಳಕ್ಕೆ ವಾಸನೆ ಆಗದು ಎಂದು ಅಕ್ಕನೇ ಹಟ ಮಾಡಿ ಬಾಗಿಲ ಪಕ್ಕದ ಪಡಸಾಲೆಗೆ ಹಾಸಿಗೆ ಹಾಕಿಸಿಕೊಂಡಿದ್ದರು. ಆ ವಾಸನೆಗೆ ಸ್ವಂತ ನೆಂಟರೇ ಜಗಲಿಯಲ್ಲಿ ನಿಂತು ಮಾತಾಡಿಸಿ ಹೋಗುತ್ತಿದ್ದರು. ಸಿಸ್ಟರ್ ಮೊದಲ ದಿನ ಹೋದವರೇ ಹಾಸಿಗೆಯ ಮೇಲೆ ಕೂತು, ಅಕ್ಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಾಯದ ಹುಳ ಒಂದೊಂದಾಗಿ ತೆಗೆದರು. ನಾನು ಮೂಗಿಗೆ ಸೆರಗು ಒತ್ತಿಕೊಂಡು ಹಿತ್ತಲಿಗೆ ಓಡಿದ್ದೆ. ವಾಪಸ್ಸು ಬಂದಾಗ ಅಕ್ಕ ಕಣ್ಣು ಮುಚ್ಚಿಕೊಂಡು ಅಳುತ್ತಿದ್ದರು. ‘ನಮ್ಮವ್ವ ತಲೆ ಬಾಚ್ವಾಗ ಇಂಗೇ ಮಲಗಿಸ್ಕತಿದ್ಲು’ ಎಂದರು.

ಸಿಸ್ಟರ್ ಕೆಲಸ ಶುರು ಮಾಡುವ ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಅದೇನು ಎಂದು ಅಕ್ಕ ಕೇಳಿದರು. ಅವರ ದೇವರಿಗೆ ಹೇಳಿಕೊಳ್ಳುತ್ತಾರೆ ಎಂದೆ. ‘ಅಂಗಾದ್ರೆ ನನ್ನೆಸ್ರೂ ಒಸಿ ಯೋಳಿಬುಡು ಅನ್ನವ್ವ, ನಮ್ ದೇವ್ರಿಗೆ ಯೋಳಿ ಯೋಳಿ ಸಾಕಾಗೈತೆ’ ಎಂದರು. ನಾನು ಅದನ್ನು ಹಾಗೇ ಹೇಳಿದೆ. ಸಿಸ್ಟರ್ ನಕ್ಕು, ಪ್ರತಿ ಬೆಳಿಗ್ಗೆಯೂ ಹೇಳುತ್ತಿದ್ದೇನೆ ಎಂದರು.

ಮೂರನೆಯದೋ ನಾಲ್ಕನೆಯದೋ ಭೇಟಿಯಲ್ಲಿ ಅಕ್ಕ ತಮ್ಮ ತಂಗಿಯ ಕಥೆ ತೆಗೆದರು. ಒಬ್ಬಳೇ ತಂಗಿ, ದೊಡ್ಡಆಲಹಳ್ಳಿಗೆ ಕೊಟ್ಟಿತ್ತು. ತಾಯಿ ಕಡೆಗಾಲದಲ್ಲಿ ಅವಳ ಮನೆಯಲ್ಲಿದ್ದರು. ಸತ್ತ ದಿನ ಇವರು ಬಸ್ಸು ಹಿಡಿದು ಹೋಗುವ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು. ಹೊತ್ತು ಮುಳುಗುತ್ತದೆಂದು ಅಲ್ಲಿನ ಗಂಡಸರು ಅವಸರ ಮಾಡಿದ್ದರಂತೆ. ಅಕ್ಕ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಊರಿಗೆ ಬಂದವರೇ ಗ್ರಾಮದೇವತೆಯ ಮುಂದೆ ಕರ್ಪೂರ ಹಚ್ಚಿ ಆಣೆ ಇಟ್ಟರು: ಅವ್ವನ ಮುಖ ತೋರಿಸದವಳು ನನ್ನ ಹೊಸಿಲು ತುಳಿಯಬಾರದು, ನಾನು ಸಾಯುವ ಕಾಲ ಬಂದರೆ ನನ್ನ ಬಾಯಲ್ಲೇ ಕರೆ ಕಳಿಸುತ್ತೇನೆ, ಅಲ್ಲಿಯವರೆಗೂ ಇಲ್ಲ. ಹನ್ನೊಂದು ವರ್ಷವಾಗಿತ್ತು. ತಂಗಿ ಎರಡು ಸಲ ಬಂದು ಬೀದಿಯಲ್ಲೇ ನಿಂತು ಅತ್ತು ಹೋಗಿದ್ದಳು.

‘ಸಿಟ್ಟೆಲ್ಲಾ ಯಾವತ್ತೋ ವೋಯ್ತು ಕಣವ್ವ’ ಎಂದರು ಅಕ್ಕ. ‘ಆದ್ರೆ ದ್ಯಾವ್ರ ಮುಂದೆ ಆಡಿರೋ ಮಾತು. ಸುಮ್ ಸುಮ್ನೆ ಮುರಿಯಕ್ಕಾಯ್ತದಾ? ನನ್ ಮಕ್ಳಿಗೆ ತಟ್ಟಲ್ವಾ?’ ಆಮೇಲೆ ಸಿಸ್ಟರ್ ಕಡೆ ತಿರುಗಿ ಅವರ ಮಣಿಕಟ್ಟು ಹಿಡಿದುಕೊಂಡರು. ‘ಇವ್ರನ್ನ ಕೇಳು. ನಾನು ಸಾಯ್ತೀನಾ? ಸಾಯಂಗಿದ್ರೆ ಈಗ್ಲೇ ಯೋಳ್ಬುಡ್ಲಿ. ಬಾಯಿ ನಿಂತೋಗೋದ್ರೊಳ್ಗೆ ನನ್ ತಂಗೀನ ಕರೀಬೇಕು.’

ಒಳಗಿನಿಂದ ಸೊಸೆ ‘ಬುಡ್ತು ಅನ್ನಿ ಅತ್ತೆ, ಏನ್ ಮಾತು ಅಂತ ಆಡೀರಿ’ ಎಂದು ಓಡಿ ಬಂದಳು. ನಮ್ಮಲ್ಲಿ ಅದು ರೂಢಿ. ಸಾವಿನ ಮಾತು ಬಾಯಿಗೆ ಬಂದರೆ ‘ಬಿಡ್ತು’ ಎಂದು ಅದನ್ನು ಅಲ್ಲೇ ತಳ್ಳಿಬಿಡಬೇಕು, ಇಲ್ಲದಿದ್ದರೆ ಅಶ್ವಿನಿ ದೇವತೆಗಳು ಅಸ್ತು ಅಂದುಬಿಡುತ್ತಾರೆ. ಸೊಸೆ ಅತ್ತೆಯ ತಲೆಯ ಹಿಂದೆ ನಿಂತು ನನಗೆ ಬೇಡ ಬೇಡ ಎಂದು ಕೈಯಾಡಿಸುತ್ತಿದ್ದಳು.

ನಾನು ಸಿಸ್ಟರ್‌ಗೆ ಎಲ್ಲವನ್ನೂ ಹೇಳಿದೆ, ಆಣೆಯ ಸಮೇತ. ಅವರು ಅಕ್ಕನ ಕಣ್ಣನ್ನೇ ನೋಡುತ್ತಾ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಈ ಕಾಯಿಲೆ ವಾಸಿಯಾಗುವುದಿಲ್ಲ. ಎರಡು ತಿಂಗಳೂ ಸಿಗಲಿಕ್ಕಿಲ್ಲ. ಮಾತು ಅದಕ್ಕಿಂತ ಮೊದಲೇ ನಿಂತುಹೋಗಬಹುದು. ತಂಗಿಯನ್ನು ಈ ವಾರವೇ ಕರೆಸಿಕೊಳ್ಳಿ. ಕೊನೆಯವರೆಗೂ ನಾನು ಬರುತ್ತೇನೆ.

ಅಕ್ಕ ನನ್ನ ಮುಖ ನೋಡುತ್ತಾ ಕಾಯುತ್ತಿದ್ದರು. ನನಗೆ ನನ್ನ ಗಂಡ ನೆನಪಿಗೆ ಬಂದ. ಅವನಿಗೆ ಒಬ್ಬ ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು. ಮನೆಗೆ ಬಂದವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಕಲಸಿ ಇಟ್ಟ ತುತ್ತಿಗೆ ಬಾಯಿ ತೆರೆಯದೆ ಎಂಟೇ ದಿನಕ್ಕೆ ಹೋದ. ನನ್ನ ನಾಲಿಗೆಯಿಂದ ಇನ್ನೊಬ್ಬರಿಗೆ ಹಾಗಾಗುವುದು ಬೇಡ ಎನಿಸಿತು. ಇದನ್ನು ನೆಪ ಎನ್ನುವವರು ಎನ್ನಲಿ, ಆ ಕ್ಷಣದಲ್ಲಿ ನನಗೆ ಕಂಡದ್ದು ಅವನ ಬೆನ್ನು.

‘ಗುಣ ಆಯ್ತದೆ ಅಂತಾರೆ ಅಕ್ಕ. ಒಸಿ ನಿಧಾನ ಅಂತೆ, ಅಷ್ಟೇಯ. ಸಾಯೋ ಮಾತ್ಯಾಕೆ? ನಾನು ಬತ್ತಾನೇ ಇರ್ತೀನಿ ಅಂತಾರೆ’ ಎಂದೆ. ಸಿಸ್ಟರ್ ಹೇಳಿದ್ದರಲ್ಲಿ ಆ ಕೊನೆಯದೊಂದನ್ನೇ ನಾನು ಹಾಗೇ ದಾಟಿಸಿದ್ದು.

ಅಕ್ಕನ ಮುಖ ಅರಳಿಬಿಟ್ಟಿತು. ‘ಅಂಗಾದ್ರೆ ಅವಳ್ನ ಈಗ್ಲೇ ಕರೆಯೋದ್ ಬ್ಯಾಡ ಬುಡು, ಕಾಲ ಬಂದಾಗ ನೋಡ್ಕಳ್ಳುವಾ’ ಎಂದು ಸಿಸ್ಟರ್‌ನ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಸಿಸ್ಟರ್ ಕಣ್ಣಲ್ಲಿ ನೀರು. ಎಷ್ಟು ಧೈರ್ಯದ ಹೆಂಗಸು ಎಂದರು ದಾರಿಯಲ್ಲಿ. ‘ತಂಗಿಯನ್ನು ಕರೆಸುತ್ತಾರಂತಾ?’ ಎಂದು ಕೇಳಿದರು. ಯೋಚನೆ ಮಾಡ್ತಾರಂತೆ ಎಂದೆ. ಒಂದು ಸುಳ್ಳಿಗೆ ಇನ್ನೊಂದು ತಾನಾಗಿಯೇ ಬಾಯಿಗೆ ಬರುತ್ತದೆ, ನನ್ನಂಥವಳಿಗೆ ಕಷ್ಟವೇನೂ ಆಗಲಿಲ್ಲ.

ಆಮೇಲಿನ ಮೂರು ವಾರ ಅಕ್ಕ ಚೆನ್ನಾಗಿಯೇ ಇದ್ದರು. ನೋವಿನ ಮಾತ್ರೆಯೂ ಕೆಲಸ ಮಾಡುತ್ತಿತ್ತು. ಮುಂದಿನ ಬೆಳೆಗೆ ಎಷ್ಟು ಮೊಟ್ಟೆ ಹುಳ ತರಬೇಕು, ಯಾವ ತೋಟದ ಸೊಪ್ಪು ಮೊದಲು ಕೊಯ್ಯಬೇಕು ಎಂದು ಸೊಸೆಗೆ ಅಲ್ಲಿಂದಲೇ ಹೇಳುತ್ತಿದ್ದರು. ಗಂಜಿ ಕುಡಿಯುತ್ತಿದ್ದರು. ನಾನು ಒಳಗೊಳಗೇ ಬೀಗಿದೆ. ನೋಡು, ಸಿಸ್ಟರ್ ಮಾತ್ರೆಗಿಂತ ನನ್ನ ಮಾತೇ ವಾಸಿ ಎಂದುಕೊಂಡೆ. ಥೂ, ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನಿಸುತ್ತದೆ. ಸಿಸ್ಟರ್ ಪ್ರತಿ ಸಲವೂ ತಂಗಿ ಬಂದಳಾ ಎಂದು ಕೇಳುತ್ತಿದ್ದರು. ಇಲ್ಲ ಎಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಕ್ಷಮಿಸು ಎಂದು ಯಾರನ್ನೂ ಬಲವಂತ ಮಾಡಬಾರದು, ದೇವರೇ ಒಪ್ಪಿಸಲಿ ಎನ್ನುತ್ತಿದ್ದರು.

ನಾಲ್ಕನೆಯ ವಾರ ದವಡೆ ಊದಿಕೊಂಡಿತು. ಐದನೆಯ ವಾರ ನಾಲಿಗೆ ತಿರುಗದೆ ಹೋಯಿತು. ಒಂದು ಶನಿವಾರ ನಾವು ಹೋದಾಗ, ಸಿಸ್ಟರ್ ನೀರು ಕಾಯಿಸಲು ಒಳಗೆ ಹೋಗಿದ್ದ ಹೊತ್ತಿನಲ್ಲಿ, ಅಕ್ಕ ನನ್ನ ರಟ್ಟೆ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಗೊರಗೊರ ಶಬ್ದ ಬಿಟ್ಟರೆ ಏನೂ ಬರಲಿಲ್ಲ. ಬಾಗಿಲಾಚೆ, ದೊಡ್ಡಆಲಹಳ್ಳಿಯ ಕಡೆಯ ದಾರಿಯನ್ನು ತೋರಿಸಿದರು. ಮತ್ತೆ ತಮ್ಮ ಬಾಯಿ ತೋರಿಸಿದರು. ಅವರಿಗೆ ತಿಳಿದುಹೋಗಿತ್ತು. ನಾನು ಮಗನನ್ನು ಹಿತ್ತಲಿಗೆ ಕರೆದು, ಚಿಕ್ಕಮ್ಮನಿಗೆ ಹೇಳಿ ಕಳಿಸಪ್ಪ ಎಂದೆ. ಅವನು ತಲೆ ಕೆರೆದುಕೊಂಡ. ‘ಅವ್ವ ತನ್ ಬಾಯಲ್ಲೇ ಕರೀಬೇಕು ಅಂತ ಆಣೆ ಐತೆ ಕಣಕ್ಕ. ನಾವ್ ಕರೆದ್ರೆ ಆಯಮ್ಮನೂ ಬರಾಕಿಲ್ಲ, ಅವ್ವಂಗೂ ಒಳ್ಳೇದಾಗಾಕಿಲ್ಲ’ ಎಂದ. ಸಿಸ್ಟರ್‌ಗೆ ಹೇಳಿ ಏನಾದರೂ ಮಾಡಬಹುದಿತ್ತು. ಹೇಳಿದರೆ ಮೊದಲಿನದೆಲ್ಲ ಹೊರಬೀಳುತ್ತಿತ್ತು. ಸೋಮವಾರ ನೋಡೋಣ ಎಂದು ಬಂದುಬಿಟ್ಟೆ. ಸೋಮವಾರ ಬೆಳಿಗ್ಗೆ ಏಳಕ್ಕೆ ಮಗನ ಫೋನು ಬಂತು. ಅಕ್ಕ ಹೋಗಿದ್ದರು.

ನಾವು ಹೋದಾಗ ಹೆಣವನ್ನು ಅಂಗಳಕ್ಕೆ ತಂದು ಮಲಗಿಸಿದ್ದರು. ಸಾವಿನ ಸುದ್ದಿ ಮುಟ್ಟಿದ ಮೇಲೆ ತಂಗಿ ಬಂದಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಮೊದಲು, ಆದರೂ ಗುರುತು ಸಿಕ್ಕಿತು, ಅಕ್ಕನದೇ ಹಣೆ. ಒಳಗೆ ಹೋಗದೆ ಅಕ್ಕನ ಕಾಲ ಬಳಿ ಕೂತಿದ್ದಳು. ಬೇರೆಯವರೆಲ್ಲ ಎದೆ ಬಡಿದುಕೊಂಡು ಹಾಡಿ ಹಾಡಿ ಅಳುತ್ತಿದ್ದರೆ ಅವಳು ಅಕ್ಕನ ಪಾದ ನೀವುತ್ತಿದ್ದಳು. ಸಿಸ್ಟರ್‌ನ ಬಿಳಿ ಸೀರೆ ನೋಡಿ ಎದ್ದು ಬಂದಳು. ಎರಡೂ ಕೈ ಮುಗಿದು, ‘ನನ್ನಕ್ಕನ ಗಾಯ ತೊಳ್ದೋರು ನೀವೇ ಅಂತಲ್ಲಾ ತಾಯಿ. ಒಂದೇ ಒಂದು ಮಾತು ಯೋಳಿ. ಸಾಯ್ತೀನಿ ಅಂತ ನಮ್ಮಕ್ಕಂಗೆ ಗೊತ್ತಿತ್ತಾ?’ ಎಂದಳು.

ನಾನು ಕೇಳಿದೆ. ಸಿಸ್ಟರ್ ಅವಳ ಕೈಗಳನ್ನು ಹಿಡಿದುಕೊಂಡು, ಹೌದು, ಮಾತು ಚೆನ್ನಾಗಿ ಆಡುತ್ತಿದ್ದಾಗಲೇ ನಾನೇ ಹೇಳಿದ್ದೆ ಎಂದರು.

ಆವತ್ತು ನಾನು ಒಂದಕ್ಷರ ತಿದ್ದಲಿಲ್ಲ. ‘ಗೊತ್ತಿತ್ತಂತೆ ಕಣಮ್ಮ. ಮಾತಾಡೋವಾಗ್ಲೇ ಯೋಳಿದ್ರಂತೆ’ ಎಂದೆ. ನನ್ನ ತಪ್ಪು ಮುಚ್ಚಿಹೋಗಲು ಅಷ್ಟು ಸಾಕಿತ್ತು. ತಂಗಿ ನನ್ನನ್ನೊಮ್ಮೆ, ಸಿಸ್ಟರನ್ನೊಮ್ಮೆ ನೋಡಿದಳು. ‘ಓ... ಗೊತ್ತಿದ್ದೂ ಕರೀನಿಲ್ಲ’ ಎಂದಳು. ‘ಸರಿ ಬುಡಿ.’ ಹೋಗಿ ಅಕ್ಕನ ಕಾಲ ಬಳಿ ಅಲ್ಲ, ದೂರ, ದನದ ಕೊಟ್ಟಿಗೆಯ ಗೋಡೆಗೆ ಒರಗಿ ಕೂತಳು. ಹೆಣ ಎತ್ತುವಾಗಲೂ ಏಳಲಿಲ್ಲ.

ಮರುದಿನ ನಾನು ಬಟ್ಟೆ ಕುದಿಸುತ್ತಿದ್ದಾಗ ಸಿಸ್ಟರ್ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. ತಪ್ಪು ನನ್ನದು ಎಂದರು. ‘ನನಗೆ ನಿಮ್ಮ ಭಾಷೆ ಬಂದಿದ್ದರೆ ಆ ಅಕ್ಕನ ಹತ್ತಿರ ಕೂತು ಮನಸ್ಸಿಗೆ ತಾಕುವ ಹಾಗೆ ಹೇಳುತ್ತಿದ್ದೆ. ಮೂರು ವರ್ಷವಾಯಿತು, ಕಲಿಯಲಿಲ್ಲ. ನಿನ್ನ ನಾಲಿಗೆ ಇದೆ ಎಂದು ಸೋಮಾರಿಯಾದೆ. ಆ ತಂಗಿಯ ಮುಖ ನೋಡಿದೆಯಾ?’ ಹೇಳುತ್ತಾ ಅತ್ತರು. ಒಲೆಯ ಮುಂದೆ ಕೂತುಕೊಂಡೇ ಎಲ್ಲವನ್ನೂ ಕಕ್ಕಿದೆ: ಆ ದಿನ ಹೇಳಿದ್ದು ಏನು, ಯಾಕೆ, ಶನಿವಾರ ಅಕ್ಕ ದಾರಿ ತೋರಿಸಿದ್ದು, ನಾನು ಬಾಯಿ ಮುಚ್ಚಿಕೊಂಡದ್ದು.

ಸಿಸ್ಟರ್ ಎದ್ದು ನಿಂತರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ನೋಡಿಯೇ ಇರಲಿಲ್ಲ. ಹಿಂದಿ ಬಿಟ್ಟು ತಮ್ಮ ಮನೆಯ ಮಾತಿನಲ್ಲಿ ಬೈದರು. ನನಗೆ ಒಂದೂ ತಿಳಿಯಲಿಲ್ಲ, ಮಧ್ಯೆ ನಿಂತು ತಿದ್ದುವವರೂ ಇರಲಿಲ್ಲ. ಪೂರ್ತಿ ಬೈಸಿಕೊಂಡೆ. ಅಂಗಳದಲ್ಲಿ ನಾಲ್ಕು ಸಲ ಓಡಾಡಿ ಬಂದು, ‘ನಾಳೆ ಮೂರನೇ ದಿನ ಅಲ್ಲವಾ? ಆ ತಂಗಿ ಬರುತ್ತಾಳಾ?’ ಎಂದರು. ಹಾಲು ತುಪ್ಪಕ್ಕೆ ಬರಬಹುದು ಎಂದೆ. ‘ಹೋಗೋಣ. ನೀನು ಹೇಳಬೇಕು. ನಾನು ಪಕ್ಕದಲ್ಲಿ ನಿಂತಿರುತ್ತೇನೆ’ ಎಂದರು.

ಹೋದೆವು. ತೋಟದ ಅಂಚಿನಲ್ಲಿ ಹಸಿ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಎಡೆ ಇಟ್ಟು, ಎಲ್ಲರೂ ಮನೆಗೆ ಬಂದರು. ನೆಂಟರು ಒಳಗೆ ಊಟಕ್ಕೆ ಕೂತರು. ತಂಗಿ ಮಾತ್ರ ಅಂಗಳದ ನುಗ್ಗೆ ಮರದ ಕೆಳಗೆ ಚೊಂಬು ಹಿಡಿದು ನಿಂತಿದ್ದಳು. ಒಳಗೆ ಬಾ ಎಂದು ಮಗ ಕರೆದರೆ, ‘ನಿಮ್ಮವ್ವನೇ ಬ್ಯಾಡ ಅಂದು ವೋದ್ಲು, ನೀನ್ಯಾಕ್ ಕರ್ದೀಯಪ್ಪ’ ಎಂದಳು.

ನಾನು ಅವಳ ಮುಂದೆ ಹೋಗಿ ನಿಂತೆ. ಬಾಯಿಬಡಕಿಯ ಬಾಯಿ ಒಣಗಿಹೋಗಿತ್ತು. ‘ಮೊನ್ನೆ ನಾನ್ ಯೋಳಿದ್ದು ಸುಳ್ಳು ಕಣಮ್ಮ’ ಎಂದೆ. ‘ಸಿಸ್ಟರ್ ಹಿಂದೀಲಿ ಯೋಳಿದ್ರು. ನಾನು ಕನ್ನಡದಲ್ಲಿ ಗುಣ ಆಯ್ತದೆ ಅಂದೆ. ನಿಮ್ಮಕ್ಕಂಗೆ ಗೊತ್ತಾಗ್ನಿಲ್ಲ. ಗೊತ್ತಾಗೋವಾಗ ಬಾಯಿ ನಿಂತೋಗಿತ್ತು.’

‘ಏನು? ಇನ್ನೊಂದ್ಸಲ ಯೋಳು’ ಎಂದಳು. ಹೇಳಿದೆ. ‘ಅಂಗಾದ್ರೆ... ಗೊತ್ತಿದ್ದಿದ್ರೆ ಕರೀತಿದ್ಲಾ?’

‘ಕರೀತಿದ್ರು. ಸಾಯಂಗಿದ್ರೆ ಈಗ್ಲೇ ಯೋಳ್ಲಿ, ಬಾಯಿ ನಿಂತೋಗೋದ್ರೊಳ್ಗೆ ನನ್ ತಂಗೀನ ಕರೀಬೇಕು ಅಂದ್ರು. ಸಿಟ್ಟೆಲ್ಲಾ ಯಾವತ್ತೋ ವೋಯ್ತು ಅಂದ್ರು. ಬಾಯಿ ವೋದ್ಮೇಲೂ ನಿಮ್ಮೂರ್ ದಾರಿ ತೋರಿಸಿದ್ರು, ತಮ್ ಬಾಯಿ ತೋರಿಸಿದ್ರು.’

ಚೊಂಬು ಕೆಳಗೆ ಬಿತ್ತು. ಅವಳು ಎರಡೂ ಮುಷ್ಟಿಯಿಂದ ನನ್ನ ಎದೆಗೆ ಗುದ್ದಿದಳು. ‘ನಿನ್ ಬಾಯಿಗ್ ಮಣ್ ಬೀಳಾ! ನೀನ್ಯಾರೇ, ನಮ್ ಮಧ್ಯೆ ಬರಾಕೆ ನೀನ್ಯಾರೇ!’ ಸಿಸ್ಟರ್ ಹತ್ತಿರ ಬಂದರು, ಬಿಡಿಸಲಿಲ್ಲ. ನಾನೂ ತಪ್ಪಿಸಿಕೊಳ್ಳಲಿಲ್ಲ. ಒಳಗೆ ಉಣ್ಣುತ್ತಿದ್ದವರು ಎಂಜಲು ಕೈಯಲ್ಲೇ ಬಾಗಿಲಿಗೆ ಬಂದು ನಿಂತರು. ಕೈ ಸೋತ ಮೇಲೆ ಅವಳು ನನ್ನನ್ನು ತಳ್ಳಿ ಮನೆಯ ಕಡೆ ತಿರುಗಿದಳು. ಬಾಗಿಲಲ್ಲಿ ನಿಂತವರು ದಾರಿ ಬಿಟ್ಟರು. ಹೊಸಿಲ ಮುಂದೆ ಬಗ್ಗಿ, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಹನ್ನೊಂದು ವರ್ಷದ ಮೇಲೆ ಒಳಗೆ ಕಾಲಿಟ್ಟಳು.

‘ಅಕ್ಕಾ, ಬಂದೆ ಕಣಕ್ಕಾ. ಕರುದ್ಯಲ್ಲಾ, ಬಂದಿವ್ನಿ ನೋಡಕ್ಕಾ’ ಎಂದು ಪಡಸಾಲೆಯಿಂದ ಕೂಗು ಕೇಳಿತು. ಮತ್ತೆ ಮತ್ತೆ ಅದನ್ನೇ ಕೂಗಿದಳು. ಓಗೊಡಬೇಕಾದವರನ್ನು ಮಣ್ಣು ಮಾಡಿ ಅಂದಿಗೆ ಮೂರು ದಿನವಾಗಿತ್ತು.